ಹೊಲದ ಪ್ರಯೋಗದಿಂದ ಜರ್ನಲ್‌ವರೆಗೆ: ಸಂಶೋಧನಾ ಲೇಖನದ ಹಸ್ತಪ್ರತಿಯನ್ನು ಸಿದ್ಧಪಡಿಸುವ ಬಗೆ

ಮಹಾಪ್ರಬಂಧವನ್ನು ವಿಶ್ವವಿದ್ಯಾಲಯಕ್ಕೆ ಒಪ್ಪಿಸಿದ ಮೇಲೆ ಅದರ ಒಂದು ಅಧ್ಯಾಯವನ್ನು ಬೇರ್ಪಡಿಸಿ, ಹೊಸ ಶೀರ್ಷಿಕೆ ಕೊಟ್ಟು ಜರ್ನಲ್‌ಗೆ ಕಳುಹಿಸುವ ಅಭ್ಯಾಸ ನಮ್ಮ ಸಂಶೋಧನಾ ವಿದ್ಯಾರ್ಥಿಗಳಲ್ಲಿ ಸಾಮಾನ್ಯ. ಅಂಥ ಹಸ್ತಪ್ರತಿಗಳು ಪರಾಮರ್ಶಕರನ್ನು, ಅಂದರೆ ಜರ್ನಲ್ ಪರವಾಗಿ ಲೇಖನವನ್ನು ಪರಿಶೀಲಿಸುವ ವಿಷಯತಜ್ಞರನ್ನು, ತಲುಪುವ ಮೊದಲೇ ಸಂಪಾದಕರ ಹಂತದಲ್ಲಿ ಹಿಂತಿರುಗಿದರೆ ಆಶ್ಚರ್ಯಪಡಬೇಕಿಲ್ಲ. ಮಹಾಪ್ರಬಂಧವು ವಿದ್ಯಾರ್ಥಿ ಎಷ್ಟು ಕೆಲಸ ಮಾಡಿದ್ದಾರೆ, ಎಷ್ಟು ಓದಿಕೊಂಡಿದ್ದಾರೆ ಎಂಬುದನ್ನು ಪರೀಕ್ಷಕರಿಗೆ ತೋರಿಸಲು ಬರೆದದ್ದು. ಜರ್ನಲ್ ಲೇಖನವಾದರೋ ಒಂದು ಪ್ರಶ್ನೆಗೆ ಸಿಕ್ಕ ಉತ್ತರವನ್ನು, ಆ ಹೊಲವನ್ನು ಎಂದೂ ನೋಡದ ಓದುಗರು ಸ್ವತಃ ಪರಿಶೀಲಿಸಿಕೊಳ್ಳುವಂತೆ ಮುಂದಿಡಬೇಕಾದದ್ದು. ಈ ಬರಹದುದ್ದಕ್ಕೂ ಒಂದೇ ಉದಾಹರಣೆಯನ್ನು ಹಿಡಿದುಕೊಳ್ಳೋಣ: ರಾಗಿಯ ಬೆಂಕಿರೋಗದ ಮೇಲೆ ಕೆಲವು ಶಿಲೀಂಧ್ರನಾಶಕಗಳ ಪರಿಣಾಮವನ್ನು ಎರಡು ಮುಂಗಾರು ಹಂಗಾಮುಗಳಲ್ಲಿ ಪರೀಕ್ಷಿಸಿದ ವಿದ್ಯಾರ್ಥಿಯೊಬ್ಬರು ಆ ಪ್ರಯೋಗವನ್ನು ಲೇಖನವಾಗಿಸಲು ಹೊರಟಿದ್ದಾರೆ ಎಂದಿಟ್ಟುಕೊಳ್ಳಿ.

ಬರೆಯಲು ಕೂರುವ ಮೊದಲು ಜರ್ನಲ್ ಯಾವುದೆಂದು ನಿರ್ಧಾರವಾಗಿರಬೇಕು, ಏಕೆಂದರೆ ಲೇಖನದ ಉದ್ದ, ಕೋಷ್ಟಕಗಳ ಸಂಖ್ಯೆ, ಉಲ್ಲೇಖಗಳ ಶೈಲಿ ಎಲ್ಲವೂ ಅದನ್ನೇ ಅವಲಂಬಿಸಿವೆ. ನಿಮ್ಮ ಉಲ್ಲೇಖಗಳ ಪಟ್ಟಿಯಲ್ಲಿ ಯಾವ ಜರ್ನಲ್‌ಗಳು ಮತ್ತೆ ಮತ್ತೆ ಬರುತ್ತವೆ ಎಂದು ನೋಡುವುದು ಒಳ್ಳೆಯ ಆರಂಭ. ನಮ್ಮ ಉದಾಹರಣೆಗೆ 1948ರಿಂದ ಪ್ರಕಟವಾಗುತ್ತಿರುವ ಇಂಡಿಯನ್ ಫೈಟೋಪೆಥಾಲಜಿ ಸಹಜವಾದ ಆಯ್ಕೆ. ಫಲಿತಾಂಶವು ಸಸ್ಯರೋಗ ಶಾಸ್ತ್ರದಾಚೆಯ ಓದುಗರಿಗೂ ಮುಖ್ಯವೆನಿಸಿದರೆ 1932ರಲ್ಲಿ ಆರಂಭವಾಗಿ ಇಂದಿಗೂ ಬೆಂಗಳೂರಿನಿಂದ ಹೊರಬರುತ್ತಿರುವ ಕರೆಂಟ್ ಸೈನ್ಸ್ ಅನ್ನು ಯೋಚಿಸಬಹುದು. ಆಯ್ದ ಜರ್ನಲ್‌ನ ಇತ್ತೀಚಿನ ಸಂಚಿಕೆಗಳಿಂದ ನಿಮ್ಮದನ್ನು ಹೋಲುವ ಮೂರು ನಾಲ್ಕು ಲೇಖನಗಳನ್ನು ಪೂರ್ತಿಯಾಗಿ ಓದಿ. ಒಂದೇ ಸ್ಥಳದ ಪ್ರಯೋಗವನ್ನು ಅವರು ಸ್ವೀಕರಿಸುತ್ತಾರೆಯೇ, ರೋಗಕಾರಕದ ಆಣ್ವಿಕ ಗುರುತಿಸುವಿಕೆಯನ್ನು ನಿರೀಕ್ಷಿಸುತ್ತಾರೆಯೇ ಎಂಬಂಥ ಸಂಗತಿಗಳು ಲೇಖಕರಿಗೆ ನೀಡುವ ಸೂಚನೆಗಳ ಪುಟಕ್ಕಿಂತ ಪ್ರಕಟಿತ ಲೇಖನಗಳಲ್ಲೇ ಹೆಚ್ಚು ಸ್ಪಷ್ಟವಾಗಿ ಕಾಣುತ್ತವೆ.

ಹಣ ಪಡೆದು ಏನನ್ನಾದರೂ ಪ್ರಕಟಿಸುವ ಮೋಸದ ಜರ್ನಲ್‌ಗಳ ಬಗ್ಗೆ ಎಚ್ಚರ ಬೇಕು. ಒಂದು ವಾರದಲ್ಲಿ ಪ್ರಕಟಣೆಯ ಭರವಸೆ, ಸಂಪಾದಕ ಮಂಡಳಿಯವರ ಸಂಸ್ಥೆಯ ವಿಳಾಸವಿಲ್ಲದಿರುವುದು, ಕೃಷಿಯಿಂದ ಕಾನೂನಿನವರೆಗೆ ಎಲ್ಲ ವಿಷಯಗಳೂ ಒಂದೇ ಸಂಚಿಕೆಯಲ್ಲಿರುವುದು ಅವುಗಳ ಲಕ್ಷಣ. ವಿಶ್ವವಿದ್ಯಾಲಯ ಅನುದಾನ ಆಯೋಗವು (ಯುಜಿಸಿ) ತಾನು ಮಾನ್ಯ ಮಾಡಿದ ಜರ್ನಲ್‌ಗಳ ಯುಜಿಸಿ-ಕೇರ್ ಪಟ್ಟಿಯನ್ನು 2025ರಲ್ಲಿ ಕೈಬಿಟ್ಟಿರುವುದರಿಂದ ಆ ಹೆಸರನ್ನು ಇನ್ನೂ ಜಾಹೀರಾತಿನಂತೆ ಬಳಸುವ ಜರ್ನಲ್‌ಗಳನ್ನು ಅನುಮಾನದಿಂದಲೇ ನೋಡಬೇಕು.

ಕೋಷ್ಟಕಗಳಿಂದ ಆರಂಭಿಸಿ

ಪೀಠಿಕೆಯಿಂದ ಬರೆಯಲು ತೊಡಗುವವರು ರಾಗಿಯ ಪೌಷ್ಟಿಕತೆ, ಕರ್ನಾಟಕದಲ್ಲಿ ಅದರ ವಿಸ್ತೀರ್ಣ, ಸಿರಿಧಾನ್ಯಗಳ ಮಹತ್ವ ಎಂದು ನಾಲ್ಕು ಪುಟ ತುಂಬಿಸಿ ದಣಿಯುತ್ತಾರೆ. ಇದರ ಬದಲು ಲೇಖನದಲ್ಲಿ ಇರಲೇಬೇಕಾದ ಕೋಷ್ಟಕಗಳನ್ನೂ ಚಿತ್ರಗಳನ್ನೂ ಮೊದಲು ಅಂತಿಮಗೊಳಿಸಿ, ಪ್ರತಿಯೊಂದರ ಕೆಳಗೆ ಅದು ಏನನ್ನು ಸಾಬೀತುಪಡಿಸುತ್ತದೆ ಎಂಬುದನ್ನು ಒಂದು ವಾಕ್ಯದಲ್ಲಿ ಬರೆದುಕೊಳ್ಳಿ. ಹಾಗೆ ಬರೆಯಲಾಗದ ಕೋಷ್ಟಕ ಲೇಖನಕ್ಕೆ ಬೇಡ. ಅದನ್ನು ಪೂರಕ ಮಾಹಿತಿಗೆ ಸೇರಿಸಬಹುದು ಅಥವಾ ಮಹಾಪ್ರಬಂಧದಲ್ಲೇ ಬಿಡಬಹುದು. ಉಳಿದ ವಾಕ್ಯಗಳನ್ನು ಒಂದರ ಕೆಳಗೊಂದು ಜೋಡಿಸಿದರೆ ಫಲಿತಾಂಶ ವಿಭಾಗದ ಚೌಕಟ್ಟು ಸಿದ್ಧವಾಗುತ್ತದೆ.

ಅನಂತರ ಬರೆಯಬೇಕಾದದ್ದು ಸಾಮಗ್ರಿ ಮತ್ತು ವಿಧಾನ. ಪರಾಮರ್ಶಕರ ಪ್ರಶ್ನೆಗಳಲ್ಲಿ ದೊಡ್ಡ ಪಾಲು ಇಲ್ಲಿಂದಲೇ ಹುಟ್ಟುತ್ತದೆಯಾದ್ದರಿಂದ ಈ ವಿಭಾಗಕ್ಕೆ ಎಷ್ಟು ಸಮಯ ಕೊಟ್ಟರೂ ಅದು ವ್ಯರ್ಥವಲ್ಲ. ಪ್ರಯೋಗದ ಸ್ಥಳದ ಅಕ್ಷಾಂಶ ರೇಖಾಂಶ, ಮಣ್ಣಿನ ಬಗೆ, ತಳಿ, ಬಿತ್ತನೆಯ ದಿನಾಂಕ, ತಾಕಿನ (ಪ್ರಯೋಗಕ್ಕೆ ವಿಂಗಡಿಸಿದ ಹೊಲದ ತುಂಡಿನ) ಅಳತೆ, ಸಾಲುಗಳ ಅಂತರ, ಉಪಚಾರಗಳ (ಹೋಲಿಸಿ ನೋಡುವ ಸಿಂಪಡಣೆಗಳ) ಸಂಖ್ಯೆ, ಪುನರಾವರ್ತನೆಗಳ (ಪ್ರತಿ ಉಪಚಾರ ಪಡೆದ ತಾಕುಗಳ) ಸಂಖ್ಯೆ, ಸಿಂಪಡಣೆ ನಡೆದ ಬೆಳೆಯ ಹಂತ, ರೋಗ ಅಳೆಯಲು ಬಳಸಿದ ಅಂಕಮಾಪನ, ಇವೆಲ್ಲ ಇರಬೇಕು. ಶಿಲೀಂಧ್ರನಾಶಕವನ್ನು ಕೇವಲ ವಾಣಿಜ್ಯ ಹೆಸರಿನಿಂದ ಕರೆಯಬಾರದು. ಟ್ರೈಸೈಕ್ಲಜೋಲ್ 75 ಡಬ್ಲ್ಯು.ಪಿ. (ನೀರಿನಲ್ಲಿ ಕದಡುವ ಪುಡಿ), ಪ್ರತಿ ಲೀಟರ್ ನೀರಿಗೆ 0.6 ಗ್ರಾಂ ಎಂಬಂತೆ ಸಕ್ರಿಯ ವಸ್ತು, ರೂಪ ಮತ್ತು ಪ್ರಮಾಣ ಮೂರನ್ನೂ ಕೊಡಬೇಕು. ಜಿಪಿಯು-28ರಂತಹ ರೋಗ ಸಹಿಸುವ ತಳಿಯಲ್ಲಿ ಪ್ರಯೋಗ ನಡೆದಿದೆಯೋ ಸುಲಭವಾಗಿ ರೋಗಕ್ಕೆ ತುತ್ತಾಗುವ ತಳಿಯಲ್ಲಿ ನಡೆದಿದೆಯೋ ಎಂಬುದು ಫಲಿತಾಂಶದ ಅರ್ಥವನ್ನೇ ಬದಲಿಸುತ್ತದೆ. ಅದನ್ನು ಕಾರಣಸಹಿತ ಹೇಳಿ. ರೋಗಕಾರಕಕ್ಕೆ ಪೈರಿಕುಲೇರಿಯಾ ಗ್ರೈಸಿಯಾ, ಪೈರಿಕುಲೇರಿಯಾ ಒರೈಜೆ, ಮ್ಯಾಗ್ನಪೋರ್ತೆ ಒರೈಜೆ ಎಂಬ ಹೆಸರುಗಳು ಬೇರೆ ಬೇರೆ ಲೇಖನಗಳಲ್ಲಿ ಬಳಕೆಯಾಗಿವೆ. ಜರ್ನಲ್ ಒಪ್ಪುವ ಒಂದನ್ನು ಆರಿಸಿಕೊಂಡು ಮೊದಲ ಸಾಲಿನಿಂದ ಕೊನೆಯ ಕೋಷ್ಟಕದವರೆಗೆ ಅದನ್ನೇ ಬಳಸಿ.

ಸಂಖ್ಯಾಶಾಸ್ತ್ರದ ವಿಷಯದಲ್ಲಿ ಒಂದು ದೋಷವನ್ನು ವಿಶೇಷವಾಗಿ ಹೇಳಬೇಕು. ಹೊಲವನ್ನು ಬ್ಲಾಕ್‌ಗಳಾಗಿ ವಿಂಗಡಿಸಿ ಪ್ರತಿ ಬ್ಲಾಕ್‌ನಲ್ಲೂ ಉಪಚಾರಗಳನ್ನು ಚೀಟಿ ಎತ್ತಿದಂತೆ ಹಂಚುವ ಯಾದೃಚ್ಛಿಕ ಬ್ಲಾಕ್ ವಿನ್ಯಾಸದಲ್ಲಿ ಮೂರು ಪುನರಾವರ್ತನೆಗಳಿದ್ದು, ಪ್ರತಿ ತಾಕಿನಲ್ಲಿ ಹತ್ತು ಗಿಡಗಳ ರೋಗಾಂಕವನ್ನು ದಾಖಲಿಸಿದ್ದರೆ, ಪ್ರತಿ ಉಪಚಾರಕ್ಕೆ ನಿಮ್ಮ ಬಳಿ ಇರುವುದು 3 ಸ್ವತಂತ್ರ ಅವಲೋಕನಗಳೇ ಹೊರತು 30 ಅಲ್ಲ. ಔಷಧಿ ಸಿಂಪಡಿಸಿದ್ದು ತಾಕಿಗೆ, ಗಿಡಕ್ಕಲ್ಲ. ಒಂದೇ ತಾಕಿನ ಹತ್ತು ಗಿಡಗಳು ಒಂದೇ ಮಣ್ಣು, ಒಂದೇ ತೇವ, ಒಂದೇ ಸಿಂಪಡಣೆಯನ್ನು ಹಂಚಿಕೊಂಡಿರುತ್ತವೆ. 30 ಎಂದು ಎಣಿಸಿದಾಗ ದೋಷದ ಅಂದಾಜು ಕೃತಕವಾಗಿ ಕುಗ್ಗಿ, ಇಲ್ಲದ ವ್ಯತ್ಯಾಸವೂ ಅರ್ಥಪೂರ್ಣವೆಂದು ತೋರತೊಡಗುತ್ತದೆ. ಆದ್ದರಿಂದ ಗಿಡಗಳ ಸರಾಸರಿಯನ್ನು ತಾಕಿನ ಮೌಲ್ಯವಾಗಿ ತೆಗೆದುಕೊಂಡು ವಿಶ್ಲೇಷಿಸಿ, ಪ್ರತಿ ಕೋಷ್ಟಕದ ಅಡಿಯಲ್ಲಿ ಪುನರಾವರ್ತನೆಗಳ ಸಂಖ್ಯೆಯನ್ನು ಬರೆಯಿರಿ. ಪ್ಲಸ್-ಮೈನಸ್ ಚಿಹ್ನೆಯ ಮುಂದಿರುವುದು ಪ್ರಮಾಣಿತ ವಿಚಲನೆಯೋ ಪ್ರಮಾಣಿತ ದೋಷವೋ ಎಂಬುದನ್ನೂ ಅಲ್ಲೇ ಹೇಳಬೇಕು. ಶೇಕಡಾವಾರು ರೋಗತೀವ್ರತೆಯನ್ನು ಆರ್ಕ್‌ಸೈನ್ ಎಂಬ ಗಣಿತಸೂತ್ರದಿಂದ ಪರಿವರ್ತನೆಗೊಳಿಸಿ ವಿಶ್ಲೇಷಿಸಿದ್ದರೆ, ಕೋಷ್ಟಕದಲ್ಲಿ ಮೂಲ ಶೇಕಡಾ ಮೌಲ್ಯಗಳು ಕಾಣಿಸಲೇಬೇಕು. ಎರಡು ಹಂಗಾಮುಗಳ ದತ್ತಾಂಶವನ್ನು ಒಟ್ಟುಗೂಡಿಸುವ ಮೊದಲು ಎರಡೂ ವರ್ಷಗಳ ದೋಷ ವ್ಯತ್ಯಯ (ಉಪಚಾರಗಳಿಂದಲ್ಲದೆ ಉಂಟಾಗುವ ಏರುಪೇರು) ಸಮಾನವಾಗಿದೆಯೇ ಎಂದು ಬಾರ್ಟ್‌ಲೆಟ್ ಪರೀಕ್ಷೆಯಂಥ ವಿಧಾನದಿಂದ ನೋಡಿಕೊಳ್ಳಿ. ಮಳೆ ಕೈಕೊಟ್ಟ ವರ್ಷವನ್ನೂ ಒಳ್ಳೆಯ ಮಳೆಯಾದ ವರ್ಷವನ್ನೂ ಒಂದೇ ಸರಾಸರಿಯೊಳಗೆ ಸೇರಿಸಿದರೆ, ಬೆಂಕಿರೋಗದಂತೆ ತೇವಾಂಶವನ್ನು ನೆಚ್ಚಿದ ರೋಗದ ವಿಷಯದಲ್ಲಿ ಓದುಗರು ತಿಳಿಯಬೇಕಾದದ್ದೇ ಮರೆಯಾಗುತ್ತದೆ.

ಚಿತ್ರಗಳಿಗೆ ಛಾಯಾಚಿತ್ರವಾದರೆ ಸಾಮಾನ್ಯವಾಗಿ 300 ಡಿಪಿಐ, ರೇಖಾಚಿತ್ರವಾದರೆ ಅದಕ್ಕಿಂತ ಹೆಚ್ಚು ಸ್ಪಷ್ಟತೆ ಕೇಳುತ್ತಾರೆ. ಸೂಕ್ಷ್ಮದರ್ಶಕದ ಚಿತ್ರದಲ್ಲಿ ಅಳತೆಪಟ್ಟಿ ಇರಲಿ, ಕಂಬನಕ್ಷೆಯ ಅಕ್ಷ ಸೊನ್ನೆಯಿಂದ ಆರಂಭವಾಗಲಿ. ಎಲೆಯ ಮೇಲಿನ ಕಲೆ ಎದ್ದು ಕಾಣಲೆಂದು ಚಿತ್ರದ ಒಂದು ಭಾಗವನ್ನಷ್ಟೇ ತಿದ್ದುವುದು ವಂಚನೆಯೆಂದೇ ಪರಿಗಣಿತವಾಗುತ್ತದೆ. ಹೊಳಪನ್ನು ಬದಲಿಸಿದರೆ ಇಡೀ ಚಿತ್ರಕ್ಕೆ ಸಮನಾಗಿ ಬದಲಿಸಬೇಕು, ಮೂಲ ಕಡತವನ್ನು ಕಾಯ್ದಿಡಬೇಕು.

ಚರ್ಚೆ, ಪೀಠಿಕೆ, ಸಾರಾಂಶ

ಚರ್ಚೆಯ ಭಾಗದಲ್ಲಿ ಫಲಿತಾಂಶವನ್ನೇ ಬೇರೆ ಮಾತುಗಳಲ್ಲಿ ಮತ್ತೆ ಹೇಳಿ, ಪ್ರತಿ ಪರಿಚ್ಛೇದದ ಕೊನೆಗೆ ಹಿಂದಿನ ಸಂಶೋಧಕರ ಫಲಿತಾಂಶವೂ ಇದನ್ನೇ ಹೋಲುತ್ತದೆ ಎಂದು ಮುಗಿಸುವ ಪದ್ಧತಿ ನಮ್ಮ ಕೃಷಿ ವಿಜ್ಞಾನದ ಲೇಖನಗಳಲ್ಲಿ ಬೇರುಬಿಟ್ಟಿದೆ. ಸಂಪಾದಕರಿಗೆ ಇದರಿಂದ ಏನೂ ತಿಳಿಯುವುದಿಲ್ಲ. ನಿಮ್ಮ ಫಲಿತಾಂಶ ಹಿಂದಿನದಕ್ಕಿಂತ ಎಲ್ಲಿ ಬೇರೆಯಾಗಿದೆ, ಆ ವ್ಯತ್ಯಾಸಕ್ಕೆ ತಳಿ ಕಾರಣವೋ, ಹವಾಮಾನವೋ, ಸಿಂಪಡಣೆಯ ಹಂತವೋ ಎಂಬುದನ್ನು ವಿವೇಚಿಸುವುದೇ ಚರ್ಚೆಯ ಕೆಲಸ. ಒಂದೇ ಸ್ಥಳದಲ್ಲಿ ಎರಡು ಹಂಗಾಮು ನಡೆಸಿದ ಪ್ರಯೋಗದಿಂದ ಟ್ರೈಸೈಕ್ಲಜೋಲ್ ಬೆಂಕಿರೋಗವನ್ನು ನಿಯಂತ್ರಿಸುತ್ತದೆ ಎಂದು ಘೋಷಿಸಲಾಗದು. ಈ ತಳಿಯಲ್ಲಿ, ಈ ಹಂತದ ಸಿಂಪಡಣೆಯಿಂದ, ಈ ಎರಡು ಹಂಗಾಮುಗಳಲ್ಲಿ ಕುತ್ತಿಗೆ ಮತ್ತು ತೆನೆಯ ರೋಗ ಇಷ್ಟು ಕಡಿಮೆಯಾಯಿತು ಎನ್ನಬಹುದು. ಮಿತಿಯನ್ನು ನೀವೇ ಹೇಳಿಬಿಟ್ಟರೆ ಪರಾಮರ್ಶಕರು ಅದನ್ನು ದೋಷವೆಂದು ಎತ್ತಿ ತೋರಿಸುವ ಸಂದರ್ಭ ಕಡಿಮೆ.

ಪೀಠಿಕೆಗೆ ಮೂರು ಅಥವಾ ನಾಲ್ಕು ಪರಿಚ್ಛೇದಗಳು ಸಾಕು: ಸಮಸ್ಯೆ, ಈವರೆಗೆ ತಿಳಿದಿರುವುದು, ತಿಳಿಯದೆ ಉಳಿದಿರುವುದು, ಈ ಅಧ್ಯಯನ ಕೇಳಿದ ಪ್ರಶ್ನೆ. ಸಾರಾಂಶವನ್ನು ಎಲ್ಲಕ್ಕಿಂತ ಕೊನೆಗೆ ಬರೆದು, ಅದರೊಳಗೆ ಮುಖ್ಯ ಅಂಕಿಗಳನ್ನು ತನ್ನಿ. ಗಣನೀಯ ಇಳಿಕೆ ಕಂಡುಬಂದಿತು ಎಂಬ ವಾಕ್ಯಕ್ಕಿಂತ ಎಷ್ಟರಿಂದ ಎಷ್ಟಕ್ಕೆ ಇಳಿಯಿತು ಎಂಬ ವಾಕ್ಯ ಉಪಯುಕ್ತ, ಏಕೆಂದರೆ ಹೆಚ್ಚಿನವರು ಓದುವುದು ಸಾರಾಂಶವನ್ನು ಮಾತ್ರ.

ಹೆಸರುಗಳು, ಹೋಲಿಕೆ, ಉಲ್ಲೇಖಗಳು

ಲೇಖಕರ ಪಟ್ಟಿಯನ್ನು ಬರವಣಿಗೆ ಮುಗಿದ ಮೇಲೆ ಚರ್ಚಿಸಲು ಹೊರಟರೆ ಮನಸ್ತಾಪ ಖಚಿತ. ಅದು ಆರಂಭದಲ್ಲೇ ಇತ್ಯರ್ಥವಾಗಬೇಕು. ವೈದ್ಯಕೀಯ ಜರ್ನಲ್ ಸಂಪಾದಕರ ಅಂತರರಾಷ್ಟ್ರೀಯ ಸಮಿತಿಯ ನಾಲ್ಕು ಷರತ್ತುಗಳನ್ನು ಇತರ ಕ್ಷೇತ್ರಗಳ ಜರ್ನಲ್‌ಗಳೂ ಮಾದರಿಯಾಗಿ ತೆಗೆದುಕೊಳ್ಳುತ್ತವೆ. ಅಧ್ಯಯನದ ಯೋಜನೆಯಲ್ಲೋ ದತ್ತಾಂಶದಲ್ಲೋ ಗಣನೀಯ ಕೊಡುಗೆ, ಬರವಣಿಗೆಯಲ್ಲಿ ಅಥವಾ ಅದರ ವಿಮರ್ಶಾತ್ಮಕ ತಿದ್ದುಪಡಿಯಲ್ಲಿ ಪಾಲು, ಅಂತಿಮ ಪ್ರತಿಗೆ ಒಪ್ಪಿಗೆ, ಇಡೀ ಕೆಲಸಕ್ಕೆ ಹೊಣೆಗಾರಿಕೆ, ಈ ನಾಲ್ಕೂ ಇದ್ದವರು ಲೇಖಕರು. ವಿಭಾಗದ ಮುಖ್ಯಸ್ಥರೆಂಬ ಒಂದೇ ಕಾರಣಕ್ಕೆ ಹೆಸರು ಸೇರಿಸುವುದು ಎಷ್ಟೇ ರೂಢಿಯಲ್ಲಿದ್ದರೂ ನಿಯಮಕ್ಕೆ ವಿರುದ್ಧ. ತಾಕಿನಲ್ಲಿ ದಿನವಿಡೀ ದುಡಿದ ಕ್ಷೇತ್ರ ಸಹಾಯಕರಿಗೆ ಕೃತಜ್ಞತೆಯ ಭಾಗದಲ್ಲಿ, ಅವರ ಒಪ್ಪಿಗೆ ಪಡೆದು, ಹೆಸರಿಟ್ಟೇ ವಂದಿಸಿ. ಪತ್ರವ್ಯವಹಾರದ ಹೊಣೆ ಹೊತ್ತ ಲೇಖಕರು ವಿದ್ಯಾರ್ಥಿಯಾಗಿದ್ದರೆ, ಪದವಿ ಮುಗಿದೊಡನೆ ನಿಂತುಹೋಗುವ ವಿಶ್ವವಿದ್ಯಾಲಯದ ಇಮೇಲ್ ಒಂದನ್ನೇ ಕೊಡಬಾರದು. ಎಲ್ಲ ಲೇಖಕರೂ ಸಂಶೋಧಕರನ್ನು ಗುರುತಿಸುವ 16 ಅಂಕಿಗಳ ಆರ್ಕಿಡ್ (ORCID) ಸಂಖ್ಯೆಯನ್ನು ಮೊದಲೇ ಪಡೆದಿರಲಿ, ಅದು ಉಚಿತ.

ಕೃತಿಚೌರ್ಯ ತಡೆಯುವ ಯುಜಿಸಿಯ 2018ರ ನಿಯಮಗಳು ಈಗಾಗಲೇ ಇರುವ ಬರಹಗಳೊಂದಿಗಿನ ಶೇ. 10ರವರೆಗಿನ ಹೋಲಿಕೆಗೆ ದಂಡನೆ ವಿಧಿಸುವುದಿಲ್ಲವಾದರೂ, ಜರ್ನಲ್‌ಗಳು ಶೇಕಡಾ ಅಂಕಿಗಿಂತ ಯಾವ ಭಾಗ ಹೋಲುತ್ತದೆ ಎಂಬುದನ್ನು ನೋಡುತ್ತವೆ. ವಿಧಾನದ ಕೆಲವು ವಾಕ್ಯಗಳು ಹೋಲುವುದು ಬೇರೆ, ಚರ್ಚೆಯ ಒಂದು ಪರಿಚ್ಛೇದವೇ ಹೋಲುವುದು ಬೇರೆ. ನಿಮ್ಮದೇ ಮಹಾಪ್ರಬಂಧ ಶೋಧಗಂಗಾ, ಕೃಷಿಕೋಶದಂಥ ಆನ್‌ಲೈನ್ ಸಂಗ್ರಹಗಳಲ್ಲಿ ಸೇರಿದ್ದರೆ ಹೋಲಿಕೆ ಪತ್ತೆಹಚ್ಚುವ ತಂತ್ರಾಂಶ ಅದನ್ನೂ ಎತ್ತಿ ತೋರಿಸುತ್ತದೆ. ಇದರಿಂದ ಗಾಬರಿಯಾಗಬೇಕಿಲ್ಲ; ಲೇಖನವು ಮಹಾಪ್ರಬಂಧದ ಭಾಗವೆಂದು ಸಂಪಾದಕರಿಗೆ ಬರೆಯುವ ಪತ್ರದಲ್ಲಿ ತಿಳಿಸಿ, ಸಾಧ್ಯವಾದಷ್ಟನ್ನು ಹೊಸದಾಗಿ ಬರೆಯಿರಿ.

ಉಲ್ಲೇಖಗಳನ್ನು ಜೊಟೆರೊದಂಥ ಉಚಿತ ತಂತ್ರಾಂಶದಲ್ಲಿ ಇಟ್ಟುಕೊಂಡರೆ ಜರ್ನಲ್ ಬದಲಾದಾಗ ಶೈಲಿಯನ್ನು ಕೈಯಿಂದ ತಿದ್ದುವ ಶ್ರಮ ತಪ್ಪುತ್ತದೆ. ಆದರೆ ಮೂಲ ಲೇಖನವನ್ನು ತೆರೆದು ನೋಡದೆ, ಬೇರೊಬ್ಬರ ಪಟ್ಟಿಯಿಂದ ಉಲ್ಲೇಖವನ್ನು ಎತ್ತಿಕೊಳ್ಳುವ ಅಭ್ಯಾಸವನ್ನು ಯಾವ ತಂತ್ರಾಂಶವೂ ತಡೆಯದು. ಚಾಟ್‌ಜಿಪಿಟಿಯಂಥ ಸಾಧನಗಳು ಇಲ್ಲದ ಲೇಖನಗಳನ್ನು ನಿಜವೆನಿಸುವಂತೆ ಸೃಷ್ಟಿಸಿಕೊಡುವುದುಂಟು. ಪ್ರತಿ ಉಲ್ಲೇಖದ ಡಿಒಐ (ಲೇಖನಕ್ಕೆ ಕೊಡುವ ಶಾಶ್ವತ ಆನ್‌ಲೈನ್ ಗುರುತು) ಅನ್ನು ಒಂದೊಂದಾಗಿ ತೆರೆದು ಪರೀಕ್ಷಿಸುವುದು ಬೇಸರದ ಕೆಲಸವಾದರೂ ಅನಿವಾರ್ಯ. ಭಾಷೆ ತಿದ್ದಲು ಇಂಥ ಸಾಧನ ಬಳಸಿದ್ದರೆ ಜರ್ನಲ್ ನಿಯಮದಂತೆ ಅದನ್ನು ತಿಳಿಸಬೇಕು. ಅದನ್ನು ಲೇಖಕರ ಪಟ್ಟಿಯಲ್ಲಿ ಸೇರಿಸುವಂತಿಲ್ಲ.

ಕಳುಹಿಸುವ ದಿನ

ಸಂಪಾದಕರಿಗೆ ಬರೆಯುವ ಪತ್ರ ಒಂದು ಪುಟ ಮೀರಬಾರದು. ಲೇಖನ ಕೇಳಿದ ಪ್ರಶ್ನೆ, ಕಂಡುಕೊಂಡ ಉತ್ತರ, ಅದು ಈ ಜರ್ನಲ್‌ನ ಓದುಗರಿಗೆ ಏಕೆ ಬೇಕು, ಬೇರೆಲ್ಲಿಯೂ ಪರಿಶೀಲನೆಯಲ್ಲಿಲ್ಲ ಎಂಬ ಹೇಳಿಕೆ, ಇಷ್ಟಿದ್ದರೆ ಸಾಕು. ಜರ್ನಲ್‌ನ ಘನತೆಯನ್ನು ಹೊಗಳುವ ಸಾಲುಗಳು ಬೇಡ. ಪರಾಮರ್ಶಕರ ಹೆಸರು ಕೇಳಿದಾಗ ನಿಮ್ಮ ಗೈಡ್‌ನ ಸ್ನೇಹಿತರನ್ನೋ ಹಿಂದಿನ ಸಹಲೇಖಕರನ್ನೋ ಸೂಚಿಸದೆ, ವಿಷಯ ಬಲ್ಲವರ ಹೆಸರನ್ನು ಅವರ ಸಂಸ್ಥೆಯ ಇಮೇಲ್ ಸಹಿತ ಕೊಡಿ. ಲೇಖಕರ ಗುರುತು ಮರೆಮಾಡಿ ಪರಿಶೀಲಿಸುವ ಜರ್ನಲ್ ಆದರೆ, ಹೆಸರು, ಸಂಸ್ಥೆ ಮತ್ತು ಕೃತಜ್ಞತೆಗಳನ್ನು ಪ್ರತ್ಯೇಕ ಪುಟಕ್ಕೆ ಸಾಗಿಸುವುದರ ಜೊತೆಗೆ ವರ್ಡ್ ಕಡತದ ಗುಣವಿವರಗಳಲ್ಲಿ ಉಳಿದಿರುವ ಹೆಸರನ್ನೂ ಅಳಿಸಬೇಕು. ಪುಟಸಂಖ್ಯೆ, ಆರಂಭದಿಂದ ಕೊನೆಯವರೆಗೆ ಒಂದೇ ಸರಣಿಯ ಸಾಲುಸಂಖ್ಯೆ, ಎರಡು ಸಾಲಿನ ಅಂತರ ಇದ್ದರೆ ಪರಾಮರ್ಶಕರ ಕೆಲಸ ಹಗುರವಾಗುತ್ತದೆ.

ಎಲ್ಲ ಕಡತಗಳನ್ನು ಏರಿಸಿದ ಬಳಿಕ ಜಾಲತಾಣ ತಾನೇ ಒಂದು ಪಿಡಿಎಫ್ ತಯಾರಿಸಿ ನಿಮ್ಮ ಒಪ್ಪಿಗೆ ಕೇಳುತ್ತದೆ. ಅದನ್ನು ತೆರೆಯದೆ ಒಪ್ಪಿಗೆ ಒತ್ತುವವರೇ ಬಹಳ. ಫಾಂಟ್ ಬದಲಾವಣೆಯಲ್ಲಿ ಮೈಕ್ರೋ ಚಿಹ್ನೆ ಇಂಗ್ಲಿಷಿನ ಎಂ ಅಕ್ಷರವಾಗಿಬಿಟ್ಟರೆ ಮೈಕ್ರೋಗ್ರಾಂ ಮಿಲಿಗ್ರಾಂ ಆಗುತ್ತದೆ, ಅಂದರೆ ಪ್ರಮಾಣ ಸಾವಿರಪಟ್ಟು ಹೆಚ್ಚುತ್ತದೆ. ವಿಷವಸ್ತುವಿನ ಲೇಖನದಲ್ಲಿ ಇದಕ್ಕಿಂತ ದೊಡ್ಡ ತಪ್ಪು ಬೇಕಿಲ್ಲ. ಆದ್ದರಿಂದ ಆ ಪಿಡಿಎಫ್ ಅನ್ನು ಇಳಿಸಿಕೊಂಡು ಚಿಹ್ನೆಗಳು, ಕೋಷ್ಟಕಗಳ ಕಲಂಗಳು, ಚಿತ್ರಗಳ ಕ್ರಮ ಮೂರನ್ನೂ ಪರೀಕ್ಷಿಸಿ, ಸಹಲೇಖಕರೆಲ್ಲರಿಗೂ ಅದೇ ಪ್ರತಿಯನ್ನು ಕಳುಹಿಸಿ, ಅವರ ಲಿಖಿತ ಒಪ್ಪಿಗೆ ಬಂದ ಮೇಲೆಯೇ ಗುಂಡಿ ಒತ್ತಿ. ಹಸ್ತಪ್ರತಿಯ ಸಂಖ್ಯೆ ಇಮೇಲ್‌ನಲ್ಲಿ ಬರುತ್ತದೆ. ಮುಂದಿನ ಪತ್ರವ್ಯವಹಾರಕ್ಕೆಲ್ಲ ಅದೇ ಆಧಾರ. ಒಂದು ಜರ್ನಲ್‌ನ ನಿರ್ಧಾರ ಬರುವವರೆಗೆ, ಅಥವಾ ನೀವೇ ಲಿಖಿತವಾಗಿ ಹಿಂಪಡೆಯುವವರೆಗೆ, ಅದೇ ಲೇಖನವನ್ನು ಇನ್ನೊಂದು ಜರ್ನಲ್‌ಗೆ ಕಳುಹಿಸುವಂತಿಲ್ಲ. ಕಾಯುವ ಆ ಅವಧಿಯಲ್ಲಿ ಕಚ್ಚಾ ದತ್ತಾಂಶ, ವಿಶ್ಲೇಷಣೆಯ ಕಡತ ಮತ್ತು ಹೊಲದ ದಾಖಲೆ ಪುಸ್ತಕವನ್ನು ಒಂದೆಡೆ ಜೋಡಿಸಿಡಿ, ಏಕೆಂದರೆ ಪರಾಮರ್ಶಕರು ಮರುವಿಶ್ಲೇಷಣೆ ಕೇಳಿದರೆ ತಿದ್ದುಪಡಿಗೆ ಸಿಗುವ ಸಮಯ ಸೀಮಿತವಾಗಿರುತ್ತದೆ.