ಮಳೆ ರಿಲೇಯಲ್ಲಿ ಬ್ರೇಕ್ ಪ್ಯಾಡ್ ಸವೆದುಹೋಗುತ್ತಿತ್ತು, ಸರಿಮಾಡಿದ್ದು ಹೀಗೆ

ಮಳೆಯಲ್ಲಿ ಮೌಂಟನ್ ಬೈಕ್ (ಗುಡ್ಡಗಾಡಿನ ಸೈಕಲ್) ರಿಲೇ ಓಡಿಸಿದಾಗಲೆಲ್ಲ ಒಂದೇ ತೊಂದರೆ. ಎರಡನೇ ಸರದಿಗೆ ಬ್ರೇಕ್ ಲಿವರ್ ಹ್ಯಾಂಡಲ್‌ಗೆ ತಾಗುವಷ್ಟು ಹತ್ತಿರ ಬರುತ್ತಿತ್ತು. ಮೂರನೆಯದರಲ್ಲಿ ಇಳಿಜಾರಲ್ಲಿ ಕರಕರ ಸದ್ದು, ಅಂದರೆ ಪ್ಯಾಡ್ ಪೂರ್ತಿ ಸವೆದು ಅದರ ತಗಡೇ ಡಿಸ್ಕಿಗೆ ಉಜ್ಜುತ್ತಿತ್ತು.

ಲಿವರ್ ಸ್ಕ್ರೂ ತಿರುಗಿಸಿದೆ, ಉಪಯೋಗವಿಲ್ಲ. ಆಯಿಲ್ ಬದಲಿಸಿ ಗಾಳಿ ತೆಗೆದೆ, ಅದೂ ಇಲ್ಲ. ತೊಳೆದದ್ದು ಮುಂದಿನ ಕೆಸರು ಗುಂಡಿವರೆಗೆ ಮಾತ್ರ. ರೇಸ್ ನಡುವೆ ಹೊಸ ಪ್ಯಾಡ್ ಹಾಕಿದ್ದಂತೂ ಇನ್ನೂ ಕೆಟ್ಟದಾಯ್ತು, ಪಳಗದ, ಅಂದರೆ ಡಿಸ್ಕಿಗೆ ಉಜ್ಜಿ ಇನ್ನೂ ಹೊಂದಿಕೊಳ್ಳದ ಪ್ಯಾಡ್ ಒದ್ದೆ ಮರಳಿಗೆ ಸೋಪಿನ ಹಾಗೆ ಕರಗಿತು.

ಕೆಲಸ ಮಾಡಿದ್ದು ಇದು. ರೆಸಿನ್ (ರಾಳದಿಂದ ಅಂಟಿಸಿದ ಮೆದು ಪ್ಯಾಡ್) ಬಿಟ್ಟು ಸಿಂಟರ್ಡ್ ಮೆಟಲ್ (ಲೋಹದ ಪುಡಿಯನ್ನು ಕಾಯಿಸಿ ಒತ್ತಿ ಮಾಡಿದ) ಪ್ಯಾಡ್ ಎರಡು ಸೆಟ್ ತೆಗೆದುಕೊಳ್ಳಿ, ಒಂದು ಓಡಿಸಲು, ಇನ್ನೊಂದು ರೇಸ್ ನಡುವೆ ಬದಲಿಸಲು (ಡಿಸ್ಕ್ ಮೇಲೆ ರೆಸಿನ್ ಪ್ಯಾಡ್ ಮಾತ್ರ ಅಂತ ಬರೆದಿದ್ದರೆ ಡಿಸ್ಕನ್ನೂ ಬದಲಿಸಬೇಕು). ರೇಸಿಗೆ ಮೊದಲೇ, ಒಣ ರಸ್ತೆಯಲ್ಲಿ, ಎರಡೂ ಸೆಟ್ ಪಳಗಿಸಿ: ಗಂಟೆಗೆ ಸುಮಾರು 20 ಕಿ.ಮೀ. ವೇಗದಿಂದ ನಡಿಗೆಯ ವೇಗಕ್ಕೆ ಇಳಿಸಿ, ಚಕ್ರ ಲಾಕ್ ಆಗಬಾರದು, ಪೂರ್ತಿ ನಿಲ್ಲಿಸಲೂಬಾರದು, ಹೀಗೆ ಒಂದೊಂದು ಬ್ರೇಕಿಗೆ 20 ಸಲ. ನಂತರ ಒಂದು ಸೆಟ್ ಬಿಚ್ಚಿ, ಮುಂದಿನದು ಯಾವುದು, ಹಿಂದಿನದು ಯಾವುದು ಅಂತ ಗುರುತು ಹಾಕಿ ಕವರಲ್ಲಿಡಿ, ಎಣ್ಣೆ ಕೈಯಲ್ಲಿ ಮುಟ್ಟಬೇಡಿ.

ಬದಲಿಸುವಾಗ ಕ್ರಮ ಮುಖ್ಯ. ಮೊದಲು ಕೆಸರು ತೊಳೆದು ಚಕ್ರ ಬಿಚ್ಚಿ. ಹಳೆ ಪ್ಯಾಡ್ ಒಳಗಿರುವಾಗಲೇ ಪ್ಲಾಸ್ಟಿಕ್ ಟೈರ್ ಲಿವರ್‌ನಿಂದ (ಟೈರ್ ಬಿಚ್ಚುವ ಪಟ್ಟಿ) ಪ್ಯಾಡನ್ನು ಒತ್ತುವ ಪಿಸ್ಟನ್ ಹಿಂದಕ್ಕೆ ತಳ್ಳಿ, ಆಮೇಲೆ ಹೊಸದು ಹಾಕಿ. ಚಕ್ರ ಕೂರಿಸಿದ ಮೇಲೆ ಬ್ರೇಕ್ ಲಿವರ್ ಗಟ್ಟಿಯಾಗುವವರೆಗೆ ಮತ್ತೆ ಮತ್ತೆ ಒತ್ತಿ, ಅದಕ್ಕೂ ಮುಂಚೆ ಹೊರಟರೆ ಮೊದಲ ತಿರುವಲ್ಲಿ ಬ್ರೇಕೇ ಇರುವುದಿಲ್ಲ. ಮೆಟಲ್ ಪ್ಯಾಡ್ ಒದ್ದೆಯಲ್ಲಿ ಜೋರಾಗಿ ಕಿರುಚುತ್ತದೆ, ಕಿರುಚಲಿ ಬಿಡಿ.