ಧರ್ಮದ ಹೆಸರಲ್ಲಿ ಕೈ ಮಾಡಿದವರು ತಿದ್ದಿಕೊಳ್ಳಲು ಹೊರಟಾಗ: ಯಾವುದು ಮೊದಲು, ಯಾವುದು ಆಮೇಲೆ

ಗುಂಪಿನ ಜೊತೆ ಹೋಗಿ ಯಾರದೋ ಅಂಗಡಿಗೆ ಬೆಂಕಿ ಇಟ್ಟವರು, ಇನ್ನೊಂದು ಧರ್ಮದವರನ್ನು ಹೊಡೆದವರು ಮನಸ್ಸು ತಿರುಗಿದಾಗ ನೇರವಾಗಿ ಪೆಟ್ಟು ತಿಂದವರ ಮನೆಗೆ ಹೋಗಿಬಿಡುತ್ತಾರೆ. ಎಡವಟ್ಟು ಶುರುವಾಗುವುದೇ ಅಲ್ಲಿ. ಸಾಕ್ಷಿಗಳ ಹತ್ತಿರ ಸುಳಿಯಬಾರದು ಎಂಬ ಷರತ್ತು ಜಾಮೀನಿನಲ್ಲಿ ಸಾಮಾನ್ಯವಾಗಿ ಇರುತ್ತದೆ. ಬೆದರಿಸಲು ಬಂದಿದ್ದ ಎಂದು ದೂರು ಹೋದರೆ ಜಾಮೀನು ರದ್ದಾಗಬಹುದು. ಅದೂ ಇರಲಿ, ಬಾಗಿಲು ತೆಗೆದವರಿಗೆ ನಿಮ್ಮ ಮುಖ ಕಂಡ ಕೂಡಲೇ ಬರುವುದು ಭಯ, ಕರುಣೆಯಲ್ಲ.

ಮೊದಲು ವಕೀಲರು. ದುಡ್ಡಿಲ್ಲದಿದ್ದರೆ ಚಿಕ್ಕಮಗಳೂರು ಅಥವಾ ಹಾಸನದ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಅರ್ಜಿ ಕೊಡಿ, ಇಲ್ಲವೇ 15100ಕ್ಕೆ ಕರೆ ಮಾಡಿ. ಆದಾಯ ಕಡಿಮೆ ಇರುವವರಿಗೆ, ಪರಿಶಿಷ್ಟರಿಗೆ, ಬಂಧನದಲ್ಲಿರುವವರಿಗೆ ವಕೀಲರ ನೆರವು ಉಚಿತ. ಎಫ್‌ಐಆರ್, ಚಾರ್ಜ್‌ಶೀಟ್, ಜಾಮೀನು ಆದೇಶ ಮೂರರ ಪ್ರತಿಯನ್ನೂ ಒಯ್ಯಿರಿ.

ಎಫ್‌ಐಆರ್‌ನಲ್ಲಿ ಹೆಸರಿಲ್ಲದಿದ್ದರೂ ಒಪ್ಪಿಕೊಳ್ಳಬೇಕು ಅನ್ನಿಸಿದವರು ಇದನ್ನು ತಿಳಿದಿರಬೇಕು: ಪೊಲೀಸರೆದುರಿನ ತಪ್ಪೊಪ್ಪಿಗೆ ಕೋರ್ಟಿನಲ್ಲಿ ಸಾಕ್ಷ್ಯವಾಗದು, ಬಿಎನ್‌ಎಸ್‌ಎಸ್ ಎಂಬ ಈಗಿನ ಕ್ರಿಮಿನಲ್ ವಿಚಾರಣಾ ಕಾನೂನಿನ 183ನೇ ಕಲಮಿನಡಿ ಮ್ಯಾಜಿಸ್ಟ್ರೇಟರ ಮುಂದೆ ಕೊಟ್ಟದ್ದು ಆಗುತ್ತದೆ. ‘ಹೇಳಲೇಬೇಕೆಂದಿಲ್ಲ, ಹೇಳಿದರೆ ನಿಮ್ಮ ವಿರುದ್ಧವೇ ಬಳಕೆಯಾಗಬಹುದು’ ಎಂದು ಅವರು ಮೊದಲೇ ಎಚ್ಚರಿಸುತ್ತಾರೆ. ವಕೀಲರೊಡನೆ ಕೂತು ಮಾತಾಡದೆ ಆ ಹಂತಕ್ಕೆ ಹೋಗಬೇಡಿ.

ಏಳು ವರ್ಷದವರೆಗಿನ ಶಿಕ್ಷೆಯ ಪ್ರಕರಣವಾದರೆ ಚೌಕಾಸಿ ಮನವಿಗೆ (ತಪ್ಪೊಪ್ಪಿಕೊಂಡು ಕಡಿಮೆ ಶಿಕ್ಷೆ ಕೇಳುವುದಕ್ಕೆ) ಅವಕಾಶವಿದೆ; ಆರೋಪ ನಿಗದಿಯಾದ 30 ದಿನದೊಳಗೆ ಅರ್ಜಿ ಹಾಕಬೇಕು. ಮಹಿಳೆ, ಮಕ್ಕಳ ಮೇಲಿನ ಅಪರಾಧಕ್ಕೆ ಇದು ಸಿಗದು. ಊರ ಹಿರಿಯರ ರಾಜಿಯನ್ನು ನಂಬಿ ಕೂರಬೇಡಿ. ಸಣ್ಣ ಗಾಯದ ಕೇಸು ರಾಜಿಯಾಗಬಹುದು, ಕೋಮು ದ್ವೇಷ ಹರಡಿದ ಆರೋಪ (ಬಿಎನ್‌ಎಸ್ ಎಂಬ ಈಗಿನ ದಂಡ ಸಂಹಿತೆಯ 196ನೇ ಕಲಮು) ಹಾಗೆ ಮುಗಿಯುವುದಿಲ್ಲ. 2024ರ ಜುಲೈ 1ಕ್ಕೆ ಮೊದಲಿನ ಕೃತ್ಯಕ್ಕೆ ಹಳೆಯ ಐಪಿಸಿ ಕಲಮುಗಳೇ.

ಮೊಬೈಲ್ ವಿಷಯ. ವಾಟ್ಸ್ಆ್ಯಪ್ ಗುಂಪಿನಿಂದ ಹೊರಬನ್ನಿ, ಆದರೆ ಚಾಟ್, ಫೋಟೊ, ವಿಡಿಯೊ ಯಾವುದನ್ನೂ ಅಳಿಸಬೇಡಿ. ಅಳಿಸಿದರೆ ಸಾಕ್ಷ್ಯನಾಶದ ಇನ್ನೊಂದು ಆರೋಪ ತಲೆಗೆ ಬರುತ್ತದೆ. ಒಳ್ಳೆಯ ಮನಸ್ಸಿನಿಂದಲೇ ‘ಎಲ್ಲಾ ಕ್ಲೀನ್ ಮಾಡಿದೆ’ ಅನ್ನುವವರು ಇಲ್ಲೇ ಸಿಕ್ಕಿಬೀಳುತ್ತಾರೆ.

ಪರಿಹಾರದ ದುಡ್ಡನ್ನು ಮಧ್ಯಸ್ಥರ ಕೈಗೆ ನಗದಾಗಿ ಕೊಡಬೇಡಿ. ಸಾಕ್ಷಿಯನ್ನು ಕೊಂಡಂತೆ ಕಾಣುತ್ತದೆ. ವಕೀಲರ ಮೂಲಕ ಕೋರ್ಟಿಗೆ ಹೇಳಿ ಅಲ್ಲೇ ಕಟ್ಟಿ. ಗಾಯಗೊಂಡವರು ಬಿಎನ್‌ಎಸ್‌ಎಸ್ 396ರಡಿ ಸರ್ಕಾರದ ಪರಿಹಾರಕ್ಕೂ ಅರ್ಜಿ ಹಾಕಬಹುದು, ಅದು ನಿಮ್ಮ ದುಡ್ಡಿಗೆ ಬದಲಿಯಲ್ಲ.

ಪೆಟ್ಟು ತಿಂದವರಿಗೆ ಪತ್ರ ಬರೆಯಿರಿ, ಕಳಿಸಬೇಡಿ. ಕೇಸು ನಡೆಯುತ್ತಿರುವಾಗ ಅದೂ ತಪ್ಪೊಪ್ಪಿಗೆಯೇ. ವಕೀಲರ ಬಳಿ ಇರಲಿ. ‘ಏನೋ ನಡೆದುಹೋಯಿತು, ಹುಡುಗು ಬುದ್ಧಿ’ ಎಂದು ಬರೆದದ್ದನ್ನು ಹರಿದುಹಾಕಿ. ‘ನಿಮ್ಮ ಅಂಗಡಿಯ ಶಟರ್ ಮುರಿದವರಲ್ಲಿ ನಾನೊಬ್ಬ. ನೀವು ನಮಗೆ ಏನೂ ಮಾಡಿರಲಿಲ್ಲ. ಉತ್ತರ ಬರೆಯಬೇಕಿಲ್ಲ’ ಇಷ್ಟು ಸಾಕು. ‘ಕ್ಷಮಿಸಿ’ ಎಂದು ಒತ್ತಾಯಿಸುವ ಸಾಲು ಅವರ ಮೇಲೆ ಇನ್ನೊಂದು ಹೊರೆ. ಅವರು ಓದಲು ಒಲ್ಲೆ ಎಂದರೆ ವಿಷಯ ಅಲ್ಲಿಗೆ ಮುಗಿಯಿತು. ಪತ್ರಿಕೆಯವರನ್ನು ಕರೆದು ಪಶ್ಚಾತ್ತಾಪ ಪಡುವುದಂತೂ ಬೇಡವೇ ಬೇಡ.

ಹಳೆಯ ಸಂಗಡಿಗರ ಫೋನು ಬರುವುದು ಸೀಸನ್ ನೋಡಿಕೊಂಡು. ಚಿಕ್ಕಮಗಳೂರಿನಲ್ಲಿ ಡಿಸೆಂಬರ್ ಹೊತ್ತಿನ ದತ್ತ ಜಯಂತಿ, ಮಾರ್ಚ್ ಹೊತ್ತಿನ ಬಾಬಾಬುಡನ್‌ಗಿರಿ ಉರುಸು, ಜೊತೆಗೆ ಚುನಾವಣೆ. ಯಾವ ಕಡೆಯವರಾದರೂ ಸರಿ, ಆ ದಿನಗಳ ಕೆಲಸ ಮೊದಲೇ ಗೊತ್ತುಮಾಡಿಕೊಳ್ಳಿ. ಅರೇಬಿಕಾ ಕೊಯ್ಲು ನವೆಂಬರ್‌ನಿಂದ ಜನವರಿಯವರೆಗೆ, ಅದರ ಹಿಂದೆಯೇ ರೋಬಸ್ಟಾ. ಮೂಡಿಗೆರೆ, ಸಕಲೇಶಪುರದ ತೋಟಗಳಲ್ಲಿ ಆಗ ಆಳು ಸಾಲದು. ಕೇಸಿನ ವಿಷಯ ಕೆಲಸಕ್ಕೆ ಸೇರುವ ದಿನವೇ ತೋಟದ ಲೆಕ್ಕ ನೋಡುವ ರೈಟರಿಗೆ ಹೇಳಿ. ಮುಚ್ಚಿಟ್ಟರೆ ಕೋರ್ಟಿನ ಮೊದಲ ವಾಯಿದೆಗೆ ರಜೆ ಕೇಳುವಾಗ ಹೊರಬೀಳುತ್ತದೆ. ರಜೆ ಸಿಗದೆ ವಾಯಿದೆ ತಪ್ಪಿದರೆ ವಾರಂಟು.

ದೇವರನ್ನು ಬಿಡಬೇಕಿಲ್ಲ. ಗುಂಪು ಸೇರುವ ಹೊತ್ತು ಬಿಟ್ಟು ಬೇರೆ ಹೊತ್ತಿನಲ್ಲಿ ಗುಡಿಗೋ ಮಸೀದಿಗೋ ಹೋಗಿ. ರಾತ್ರಿ ನಿದ್ದೆ ಬಾರದೆ ಸಾಯುವ ಯೋಚನೆ ಬಂದರೆ 14416ಕ್ಕೆ ಕರೆ ಮಾಡಿ, ಟೆಲಿ ಮಾನಸ್‌ನವರು ಕನ್ನಡದಲ್ಲೇ ಮಾತಾಡುತ್ತಾರೆ.

ಹಬ್ಬದ ಮುಂಚೆ ಶಾಂತಿ ಕಾಪಾಡುವ ಮುಚ್ಚಳಿಕೆಗೆ (ಬಾಂಡಿಗೆ) ನೋಟಿಸ್ ಬಂದರೆ ಮುನಿಸಿಕೊಳ್ಳದೆ ಹಾಜರಾಗಿ. ಅದರ ಗರಿಷ್ಠ ಅವಧಿ ಒಂದು ವರ್ಷ. ನಡುವೆ ಮುರಿದರೆ ಬಾಂಡಿನ ದುಡ್ಡು ಹೋಗುತ್ತದೆ.