ಲೇತ್ ಪಕ್ಕದಲ್ಲಿ ಕಲಿತ ಪ್ರೋಗ್ರಾಮಿಂಗ್

ಮೆಕ್ಯಾನಿಕಲ್ ಓದಿದವರು ಪ್ರೋಗ್ರಾಮಿಂಗ್ ಮಾಡಬೇಕು ಅಂದರೆ ಶಾಪ್ ಫ್ಲೋರ್ ಬಿಟ್ಟೇ ಹೋಗಬೇಕು ಅಂತ ನಮ್ಮ ಕಡೆ ತುಂಬಾ ಜನ ಅಂದುಕೊಂಡಿದ್ದಾರೆ. ಮೈಸೂರಿನ ಹೆಬ್ಬಾಳದಲ್ಲಿ ಇನ್ಫೋಸಿಸ್ ಕ್ಯಾಂಪಸ್ಸೂ ಇದೆ, ಮಷಿನ್ ಶಾಪ್‌ಗಳೂ ಇವೆ. ಯಾವುದಾದರೂ ಒಂದು ಗೇಟು ಆರಿಸಿಕೋ ಅನ್ನುವ ಹಾಗೆ ಹುಡುಗರಿಗೆ ಹೇಳುತ್ತಾರೆ. ನಾನು ಎರಡೂ ಕೆಲಸ ಮಾಡಿದ್ದೇನೆ. ಪ್ರೋಗ್ರಾಮಿಂಗ್ ರುಚಿ ಹತ್ತಿದ್ದು ಮಾತ್ರ ಲೋಹದ ತುಂಡನ್ನು ತಿರುಗಿಸಿ ಕೊರೆಯುವ ಲೇತ್ ಪಕ್ಕದಲ್ಲಿ.

ಮಂಡ್ಯದಲ್ಲಿ ಇಂಜಿನಿಯರಿಂಗ್ ಮುಗಿಸಿ ಹೆಬ್ಬಾಳದ ಒಂದು ಸಣ್ಣ ಯೂನಿಟ್‌ಗೆ ಸೇರಿದೆ. ದಿನಾ ರೈಲಿನಲ್ಲಿ ಓಡಾಟ. ಸಿಎನ್‌ಸಿ ಲೇತ್‌ನಲ್ಲಿ, ಅಂದರೆ ಕಂಪ್ಯೂಟರ್ ನಡೆಸುವ ಲೇತ್‌ನಲ್ಲಿ, ಬುಷ್ (ಕೊಳವೆಯಂಥ ಬಿಡಿಭಾಗ) ಮಾಡೋದೇ ಹೆಚ್ಚು. ಆಕಾರ ಒಂದೇ, ಅಳತೆ ಬೇರೆ ಬೇರೆ. ಒಂದೊಂದು ಅಳತೆಗೂ ಒಂದೊಂದು ಪ್ರೋಗ್ರಾಂ ಇತ್ತು. ಟೂಲ್ ಬದಲಾದರೆ ಅಷ್ಟನ್ನೂ ಕೂತು ತಿದ್ದಬೇಕು.

ಮಷಿನ್ ನಡೆಸುವ ಫ್ಯಾನಕ್ ಕಂಪನಿಯ ಕಂಟ್ರೋಲ್‌ನಲ್ಲಿ ಕಸ್ಟಮ್ ಮ್ಯಾಕ್ರೋ ಅಂತ ಒಂದಿದೆ. ಮಷಿನ್‌ಗೆ ಆದೇಶ ಕೊಡುವ ಜಿ-ಕೋಡ್ ಭಾಷೆಯ ಒಳಗೇ ವೇರಿಯಬಲ್, ಷರತ್ತು, ಲೂಪ್ ಎಲ್ಲ ಬರೆಯಬಹುದು. ಹೊರ ವ್ಯಾಸಕ್ಕೆ #101, ಒಳ ವ್ಯಾಸಕ್ಕೆ #102, ಉದ್ದಕ್ಕೆ #103 ಇಟ್ಟು ಒಂದೇ ಪ್ರೋಗ್ರಾಂ ಬರೆದೆ. ಆಪರೇಟರ್ ಮೂರು ಅಂಕಿ ಹಾಕಿದರೆ ಸಾಕು. ಒಳ ವ್ಯಾಸ ಹೊರ ವ್ಯಾಸಕ್ಕಿಂತ ಜಾಸ್ತಿ ಹಾಕಿಬಿಟ್ಟರೆ? #3000 ಅನ್ನೋ ವೇರಿಯಬಲ್‌ಗೆ ಬೆಲೆ ಕೊಟ್ಟರೆ ಅಲಾರಂ ಬಂದು ಮಷಿನ್ ನಿಲ್ಲುತ್ತದೆ. ಕಾಲೇಜಿನ ಲ್ಯಾಬ್‌ನಲ್ಲಿ ತಪ್ಪು ಅಂಕಿ ಕೊಟ್ಟರೆ ಸ್ಕ್ರೀನ್ ಮೇಲೆ ತಪ್ಪು ಉತ್ತರ, ಅಷ್ಟೇ. ಇಲ್ಲಿ ರಂಧ್ರ ಕೊರೆಯುವ ಬೋರಿಂಗ್ ಬಾರ್ ಹೋಗಿ ಜಾಬ್‌ಗೆ (ಮಷಿನ್‌ಗೆ ಹಿಡಿಸಿದ ತುಂಡಿಗೆ) ಗುದ್ದುತ್ತದೆ. ಕೊಟ್ಟ ಅಂಕಿಯನ್ನು ಮೊದಲು ಪರೀಕ್ಷೆ ಮಾಡು, ಆಮೇಲೆ ಲೆಕ್ಕ ಮಾಡು ಅನ್ನೋದು ಅಲ್ಲೇ ಮೈಗೆ ಹತ್ತಿತು.

ಆಮೇಲೆ ಪೈಥಾನ್ ಕಲಿತು ಕೆಲವು ವರ್ಷ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿದ್ದೆ. ಕೋಡನ್ನು ಅಚ್ಚುಕಟ್ಟಾಗಿ ಇಡೋದು, ಟೆಸ್ಟ್ ಬರೆಯೋದು ಅಲ್ಲಿ ಬಂತು. ಒಳ್ಳೆಯ ಕಾಲವೇ. ಆದರೆ ಬರೆದದ್ದು ಎಲ್ಲಿ ಓಡುತ್ತದೆ ಅಂತ ಕಣ್ಣಾರೆ ನೋಡುವ ಆಸೆ ಹೋಗಲಿಲ್ಲ. ವಾಪಸ್ ಬಂದೆ.

ಬಂದ ಮೇಲೆ ಕೈಗೆತ್ತಿಕೊಂಡದ್ದು 30 ಎಚ್7 ಅನ್ನೋ ಅಳತೆಯ ಬೋರ್ (ಒಳ ರಂಧ್ರ). ಅಂದರೆ 30.000ದಿಂದ 30.021 ಮಿ.ಮೀ. ಒಳಗೆ ಬರಬೇಕು, ಒಟ್ಟು 21 ಮೈಕ್ರಾನ್ ಜಾಗ. ಬೆಳಿಗ್ಗೆ ಮಷಿನ್ ತಣ್ಣಗಿದ್ದಾಗ ಒಂದು ಸೈಜ್, ಬಿಸಿಯಾದ ಮೇಲೆ ಇನ್ನೊಂದು. ಇನ್ಸರ್ಟ್ (ಟೂಲ್ ತುದಿಯಲ್ಲಿ ಕತ್ತರಿಸುವ ಚೂರು) ಸವೆದಂತೆಲ್ಲ ಬೋರ್ ಚಿಕ್ಕದಾಗುತ್ತಾ ಹೋಗುತ್ತದೆ. ಪ್ರತಿ ಪೀಸ್ ಅಳತೆ ತಗೊಂಡು, ಎಷ್ಟು ವ್ಯತ್ಯಾಸವೋ ಅಷ್ಟು ಆಫ್‌ಸೆಟ್ (ಟೂಲ್ ಸ್ಥಾನದ ತಿದ್ದುಪಡಿ) ಕೊಟ್ಟರಾಯ್ತು ಅಂತ ಯಾರಿಗಾದರೂ ಅನಿಸುತ್ತದೆ ಅಲ್ವಾ? ಕೋಡ್ ಬರೆಯುವ ಮುಂಚೆ ಹಳೆಯ ಆಪರೇಟರ್ ಒಬ್ಬರನ್ನು ಕೇಳಿದೆ. ಶ್ರೀರಂಗಪಟ್ಟಣದವರು. "ಒಂದು ಪೀಸ್ ನೋಡಿ ಕೈ ಹಾಕ್ಬೇಡಿ ಸಾರ್. ನಾಕೈದು ಪೀಸ್ ಒಂದೇ ಕಡೆ ವಾಲಿದ್ರೆ ಮಾತ್ರ ಕೊಡಿ" ಅಂದರು.

ಅವರ ಮಾತಿಗೆ ಗಟ್ಟಿ ಲೆಕ್ಕದ ಬೆಂಬಲವಿದೆ. ಗುಣಮಟ್ಟದ ಬಗ್ಗೆ ಜಗತ್ತಿಗೆ ಪಾಠ ಹೇಳಿದ ಡೆಮಿಂಗ್ ಇದನ್ನೇ ಒಂದು ಆಲಿಕೆ, ಒಂದು ಗೋಲಿ ಇಟ್ಟುಕೊಂಡು ತೋರಿಸುತ್ತಿದ್ದರು. ಸ್ಥಿರವಾಗಿ ನಡೆಯುತ್ತಿರುವ ಕೆಲಸವನ್ನು ಪ್ರತಿ ಸಲವೂ ಅಷ್ಟಕ್ಕಷ್ಟೇ ತಿದ್ದುತ್ತಾ ಹೋದರೆ ಏರುಪೇರು ಕಮ್ಮಿಯಾಗಲ್ಲ, ವೇರಿಯನ್ಸ್ (ಏರುಪೇರನ್ನು ಅಳೆಯುವ ಲೆಕ್ಕ) ಎರಡರಷ್ಟಾಗುತ್ತದೆ. ನನ್ನ ಪ್ರೋಗ್ರಾಂ ಆಪರೇಟರ್ ಹೇಳಿದ ಹಾಗೇ ನಡೆಯುತ್ತದೆ. ಹಿಂದಿನ ಕೆಲವು ಅಳತೆಗಳನ್ನು ಒಟ್ಟಿಗೆ ನೋಡುತ್ತದೆ, ಒಂದೇ ಕಡೆ ವಾಲಿದ್ದರೆ ಮಾತ್ರ ಆಫ್‌ಸೆಟ್ ಸೂಚಿಸುತ್ತದೆ. ಜಿ10 ಕೋಡಿನಿಂದ ಅದನ್ನು ಮಷಿನ್‌ಗೆ ನೇರವಾಗಿಯೇ ಬರೆಯಬಹುದು. ಆದರೂ ಒಪ್ಪಿಗೆ ಆಪರೇಟರ್ ಕೈಯಲ್ಲೇ ಇಟ್ಟಿದ್ದೇನೆ. ಬೋರ್‌ನಲ್ಲಿ ಚಿಪ್ (ಕೊರೆದ ಲೋಹದ ಚೂರು) ಸಿಕ್ಕಿಕೊಂಡು ಅಳತೆ ತಪ್ಪಾಗಿದ್ದರೆ ಅದು ಅವರ ಕಣ್ಣಿಗೆ ಬೀಳುತ್ತದೆ, ಕಂಪ್ಯೂಟರಿಗಲ್ಲ.

ಶುರು ಎಲ್ಲಿಂದ ಮಾಡಲಿ ಅಂತ ಕೇಳುವವರಿಗೆ ನಾನು ಹೇಳೋದು ಹಳೆಯ ಮಷಿನ್‌ನ ಬ್ಯಾಕಪ್. ಪ್ರೋಗ್ರಾಂ, ಪ್ಯಾರಾಮೀಟರ್ (ಮಷಿನ್‌ನ ಸೆಟ್ಟಿಂಗ್‌ಗಳು) ಎಲ್ಲ ಬ್ಯಾಟರಿ ಮೇಲೆ ನಿಂತಿರುತ್ತವೆ. ಬ್ಯಾಟರಿ ಸತ್ತರೆ ಎಲ್ಲ ಅಳಿಸಿಹೋಗುತ್ತದೆ. ಒಂದು ಸೀರಿಯಲ್ ಕೇಬಲ್, ಒಂದು ಲ್ಯಾಪ್‌ಟಾಪ್ ಸಾಕು. ಎರಡೂ ಕಡೆ ಬಾಡ್ ರೇಟ್ (ಡೇಟಾ ಹೋಗುವ ವೇಗ), ಪ್ಯಾರಿಟಿ (ತಪ್ಪು ಹಿಡಿಯಲು ಸೇರಿಸುವ ಬಿಟ್) ಒಂದೇ ಇರಲಿ; ಹಳೆಯ ಕಂಟ್ರೋಲ್‌ಗಳಲ್ಲಿ 7 ಬಿಟ್, ಈವನ್ ಪ್ಯಾರಿಟಿ ಸಾಮಾನ್ಯ. ಬಂದ ಫೈಲ್ % ಗುರುತಿನಿಂದ ಶುರುವಾಗಿ % ಗುರುತಿನಲ್ಲೇ ಮುಗಿದಿದೆಯಾ ನೋಡಿ. ಆಮೇಲೆ ಬ್ಯಾಟರಿ ಬದಲಾಯಿಸಿ, ಕಂಟ್ರೋಲ್ ಆನ್ ಇದ್ದಾಗಲೇ.